ಕೆಟ್ಟು ನಿಂತ ಜಾವಾವನ್ನು ಲಾರಿಗೆ ಹತ್ತಿಸುವ ಮುನ್ನ

ಮಾನ್ಯ ಸಂಪಾದಕರೇ,

ಜುಲೈ ಎರಡನೇ ಭಾನುವಾರದ ಜಾವಾ–ಯೆಜ್ಡಿ ದಿನದ ಆಸುಪಾಸಿನಲ್ಲಿ ಹಳೆಯ ಬೈಕುಗಳ ದೂರದ ರ್‍ಯಾಲಿಗಳು ಹೊರಡುತ್ತವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿಂದ ಬಂದ ಕೊನೆಯ ಗಾಡಿಗೂ ಈಗ ಮೂವತ್ತರ ಹತ್ತಿರ ವಯಸ್ಸು. ದಿನಕ್ಕೆ 300 ಕಿ.ಮೀ. ಓಡಿಸಿದರೆ ಏನಾದರೊಂದು ಕೆಡುವುದು ಸಹಜ. ಆದರೆ ಬಿಚ್ಚಿಯೂ ನೋಡದೆ ನಿಂತ ಗಾಡಿಯನ್ನು ಬ್ಯಾಕಪ್ ಲಾರಿಗೆ ಹತ್ತಿಸುವುದು ನಮಗೆ ಸರಿಕಾಣುವುದಿಲ್ಲ. ಹೆಚ್ಚಿನ ತೊಂದರೆಗಳು ರಸ್ತೆ ಬದಿಯಲ್ಲೇ ಅರ್ಧ ಗಂಟೆಯಲ್ಲಿ ಸರಿಹೋಗುವಂಥವು.

ಎಲ್ಲರೂ ಹೆದರುವುದು ಇಂಜಿನ್ ಸೀಜ್ ಆಗುವುದಕ್ಕೆ, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಸಿಕ್ಕಿಕೊಳ್ಳುವುದಕ್ಕೆ. ಪೆಟ್ರೋಲಿನ ಜತೆ ಹೋಗುವ ಆಯಿಲ್ ಬಿಟ್ಟರೆ ಈ ಟೂ-ಸ್ಟ್ರೋಕ್ ಇಂಜಿನ್ನಿನ ಪಿಸ್ಟನ್ನಿಗೆ ಬೇರೆ ಜಿಡ್ಡಿಲ್ಲ. ಲೀಟರಿಗೆ 40 ಎಂ.ಎಲ್., ಅಂದರೆ 5 ಲೀಟರಿಗೆ 200. ಬಂಕಿನಲ್ಲಿ ಇಪ್ಪತ್ತು ಗಾಡಿ ಒಟ್ಟಿಗೆ ನುಗ್ಗಿದಾಗ ಕಣ್ಣಂದಾಜಿನಲ್ಲಿ ಸುರಿಯುವುದೇ ಅನಾಹುತಕ್ಕೆ ಮೂಲ. ಕಾಕ್ (ಟ್ಯಾಂಕಿನ ನಲ್ಲಿ) ಮುಚ್ಚಿ, ಮೊದಲು ಆಯಿಲ್ ಹಾಕಿ ಆಮೇಲೆ ಪೆಟ್ರೋಲ್ ಹಾಕಿಸಿದರೆ ರಭಸಕ್ಕೆ ತಾನೇ ಬೆರೆಯುತ್ತದೆ. ಘಾಟಿ ಇಳಿಯುವಾಗಲೂ ಎಚ್ಚರ ಬೇಕು. ಶಿರಾಡಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ಇಂಜಿನ್ ಜೋರಾಗಿ ತಿರುಗುತ್ತದೆ, ಆದರೆ ಅದಕ್ಕೆ ತಕ್ಕಷ್ಟು ಆಯಿಲ್ ಸಿಗುವುದಿಲ್ಲ. ಆಗಾಗ ಒಂದಿಷ್ಟು ತಿರುವಿ ಬಿಡಬೇಕು. ಇಂಜಿನ್ ಬಿಗಿಹಿಡಿದಂತಾದ ಕ್ಷಣವೇ ಕ್ಲಚ್ ಹಿಡಿಯಿರಿ. ಅರ್ಧ ಗಂಟೆ ಆರಲು ಬಿಟ್ಟು, ಪ್ಲಗ್ ಬಿಚ್ಚಿ, ಒಂದು ಮುಚ್ಚಳ ಟೂಟಿ (ಟೂ-ಸ್ಟ್ರೋಕ್) ಆಯಿಲ್ ಒಳಗೆ ಬಿಟ್ಟು ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿ ನೋಡಿ. ಬಿಸಿಯಲ್ಲೇ ಕಿಕ್ ಹೊಡೆದರೆ ಬೋರ್ (ಸಿಲಿಂಡರಿನ ಒಳಮೈ) ಕೆಡುತ್ತದೆ.

ಎಥೆನಾಲ್ ಬೆರೆಸಿದ ಪೆಟ್ರೋಲಿನದು ಮಳೆಗಾಲದ ತಕರಾರು. ಟ್ಯಾಂಕಿಗೆ ನೀರು ಸೇರಿದರೆ ಎಥೆನಾಲ್ ಅದರೊಂದಿಗೆ ತಳಕ್ಕಿಳಿಯುತ್ತದೆ, ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಕಾರ್ಬುರೇಟರಿಗೆ ಮೊದಲು ಹೋಗುವುದು ಜಿಡ್ಡಿಲ್ಲದ ಆ ತಳದ ನೀರು. ಬೆಳಿಗ್ಗೆ ಹೊರಡುವ ಮುನ್ನ ಪೈಪ್ ಬಿಚ್ಚಿ ಗಾಜಿನ ಸೀಸೆಗೆ ನಾಲ್ಕು ಚಮಚ ಹಿಡಿದರೆ ಸಾಕು, ಎರಡು ಪದರ ಕಣ್ಣಿಗೆ ಕಾಣುತ್ತದೆ.

ಗಂಟೆಗಟ್ಟಲೆ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ನಿಂತು, ಆರಿದ ಮೇಲೆ ಮತ್ತೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ಮೊದಲು ಕಂಡೆನ್ಸರ್ (ಪ್ಲಗ್ಗಿನ ಕಿಡಿಗೆ ಬೇಕಾದ ಪುಟ್ಟ ವಿದ್ಯುತ್ ಭಾಗ) ಬದಲಿಸಿ. ಕಿಡಿಗಾಗಿ ತೆರೆದು ಮುಚ್ಚುವ ಪಾಯಿಂಟುಗಳ ಗ್ಯಾಪ್ 0.4 ಮಿ.ಮೀ. ಇರಲಿ. ಕ್ಲಚ್ ಕೇಬಲ್ ತುಂಡಾದರಂತೂ ಗಾಬರಿಯೇ ಬೇಡ. ಈ ಗಾಡಿಗಳಲ್ಲಿ ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನಾಗಿ ಬಿಡುತ್ತದೆ. ಫಸ್ಟ್ ಗೇರಿಗೆ ಒತ್ತಿ, ಕಾಲು ತೆಗೆಯದೆ ಹಿಡಿದು, ಆಕ್ಸಿಲರೇಟರ್ ಕೊಡುತ್ತಾ ಕಾಲನ್ನು ನಿಧಾನಕ್ಕೆ ಸಡಿಲಿಸಿದರೆ ಗಾಡಿ ಹೊರಡುತ್ತದೆ. ಆದರೆ ಬಿಳಿ ಹೊಗೆ ದಟ್ಟವಾಗಿ ಬಂದು, ನೆಲಕ್ಕೆ ಹನಿಯೂ ಬೀಳದೆ ಗೇರ್ ಆಯಿಲ್ ಇಳಿಯುತ್ತಿದ್ದರೆ ಎಡಬದಿಯ ಕ್ರ್ಯಾಂಕ್ ಸೀಲ್ (ಗೇರ್ ಆಯಿಲ್ ಇಂಜಿನ್ನಿನೊಳಗೆ ಸೇರಿ ಉರಿಯದಂತೆ ತಡೆಯುವ ಬಳೆ) ಹೋಗಿದೆ ಎಂದರ್ಥ. ಅದು ಮಾತ್ರ ಲಾರಿಯ ಪಾಲಿನ ಕೆಲಸ.

ಇದೆಲ್ಲ ನಡೆಯುವುದು ಜತೆಯವರು ನಿಂತರೆ ಮಾತ್ರ. ಎಲ್ಲರೂ ಎಲ್ಲ ಸಾಮಾನು ಹೊರುವುದು ದಂಡ. ಒಬ್ಬರು ಕೇಬಲ್, ಒಬ್ಬರು ಪಾಯಿಂಟ್ ಸೆಟ್ ಮತ್ತು ಕಂಡೆನ್ಸರ್, ಒಬ್ಬರು ಟ್ಯೂಬ್ ಮತ್ತು ಪಂಪ್, ಒಬ್ಬರು ಚೈನ್ ಲಿಂಕ್ ಇಟ್ಟುಕೊಳ್ಳಲಿ. ಯಾರ ಬಳಿ ಏನಿದೆ ಎಂಬ ಚೀಟಿ ಎಲ್ಲರ ಜೇಬಿನಲ್ಲಿರಲಿ. ಕಸುಬು ಬಲ್ಲವರನ್ನು ಮುಂದೆ ಬಿಡದೆ ಕಟ್ಟಕಡೆಗೆ ಹಾಕಬೇಕು, ಏಕೆಂದರೆ ಕೆಟ್ಟ ಗಾಡಿ ಸಿಗುವುದು ಅಲ್ಲೇ. ಪ್ರತಿಯೊಬ್ಬರೂ ತಮ್ಮ ಹಿಂದಿನವರ ಹೆಡ್‌ಲೈಟ್ ಕನ್ನಡಿಯಲ್ಲಿ ಕಾಣದಿದ್ದರೆ ನಿಲ್ಲಬೇಕು. ಹೀಗೆ ಒಬ್ಬೊಬ್ಬರೇ ನಿಂತರೆ ಸುದ್ದಿ ಫೋನ್ ಸಿಗ್ನಲ್ ಇಲ್ಲದ ಘಾಟಿಯಲ್ಲೂ ಸಾಲಿನ ತಲೆಯವರೆಗೆ ಮುಟ್ಟುತ್ತದೆ.

ರ್‍ಯಾಲಿ ನಡೆಸುವವರು ಟೀ ಶರ್ಟು, ಸ್ಟಿಕ್ಕರುಗಳ ಜತೆಗೆ ಆ ಚೀಟಿಯನ್ನೂ 40 ಎಂ.ಎಲ್. ಗುರುತಿನ ಒಂದು ಅಳತೆ ಲೋಟವನ್ನೂ ಕೊಡಬೇಕೆಂದು ಕೋರುತ್ತೇವೆ.

— ಹಳೆಯ ಟೂ-ಸ್ಟ್ರೋಕ್ ಬೈಕುಗಳ ಕೆಲವು ಮೆಕ್ಯಾನಿಕ್‌ಗಳು, ಮೈಸೂರು