ನಾಯಿ ಹೋದ ಮನೆಗೆ ಮರಿ ತರುವ ಮುನ್ನ

ಮಾನ್ಯರೇ,

ಸಾಕಿದ ನಾಯಿ ಸತ್ತ ಮರುದಿನವೇ ‘ಇನ್ನೊಂದು ಮರಿ ತಂದುಬಿಡಿ, ಮಕ್ಕಳು ಮರೆಯುತ್ತಾರೆ’ ಎನ್ನುವವರು ಬರುತ್ತಾರೆ. ‘ಇನ್ನು ಈ ಮನೆಗೆ ನಾಯಿಯೇ ಬೇಡ’ ಎನ್ನುವವರು ಮನೆಯೊಳಗೇ ಇರುತ್ತಾರೆ. ಮನಸ್ಸು ಯಾವಾಗ ಸಿದ್ಧವಾಗುತ್ತದೆ ಎಂದು ಹೊರಗಿನವರು ಹೇಳಲಾಗದು. ಮನೆ, ಅಂಗಳ ಯಾವಾಗ ಸಿದ್ಧ ಎಂದು ಹೇಳಬಹುದು. ಅದು ನಾಯಿ ಯಾವ ಕಾಯಿಲೆಯಿಂದ ಸತ್ತಿತು ಎಂಬುದರ ಮೇಲೆ ನಿಂತಿದೆ. ಇದನ್ನು ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ.

ಮರಿ ವಾಂತಿ, ರಕ್ತಭೇದಿಯಾಗಿ ಸತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಪಾರ್ವೋ. ಈ ವೈರಾಣು ಮನೆಯೊಳಗೆ ತಿಂಗಳುಗಟ್ಟಲೆ, ನೆರಳಿನ ತೇವದ ಮಣ್ಣಿನಲ್ಲಿ ವರ್ಷದವರೆಗೂ ಉಳಿಯಬಲ್ಲದು. ಫಿನಾಯಿಲ್ ಹಾಕಿ ಒರೆಸಿದರೆ ವಾಸನೆ ಹೋಗುತ್ತದೆ, ವೈರಾಣು ಹೋಗುವುದಿಲ್ಲ. ಶೇ 5ರಷ್ಟು ಹೈಪೋಕ್ಲೋರೈಟ್ ಇರುವ ಬ್ಲೀಚ್ ದ್ರಾವಣವನ್ನು ಲೀಟರ್ ನೀರಿಗೆ ಸುಮಾರು 35 ಮಿ.ಲೀ.ನಂತೆ ಬೆರೆಸಿ ಬಳಸಬೇಕು. ಅದಕ್ಕೂ ಮೊದಲು ನೆಲವನ್ನು ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದಿರಬೇಕು. ಮಲದ ಅಂಶ ಉಳಿದಿದ್ದರೆ ಕ್ಲೋರಿನ್ ಅದರಲ್ಲೇ ಖರ್ಚಾಗಿಬಿಡುತ್ತದೆ. ದ್ರಾವಣ ಹಾಕಿದ ಮೇಲೆ ನೆಲ 10 ನಿಮಿಷ ಒದ್ದೆಯಾಗಿಯೇ ಇರಬೇಕು. ಕೂಡಲೇ ಒರೆಸಿದರೆ ಮಾಡಿದ ಕೆಲಸ ವ್ಯರ್ಥ. ವರ್ಷದಿಂದ ಮೂಲೆಯಲ್ಲಿದ್ದ ಬ್ಲೀಚ್ ಬಾಟಲಿಯ ಶಕ್ತಿ ಕುಂದಿರುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಜತೆ ಇದನ್ನು ಬೆರೆಸಲೇಬಾರದು, ವಿಷಾನಿಲ ಏಳುತ್ತದೆ. ಗೋಣಿಚೀಲ, ಹಾಸಿಗೆ, ಗೀರುಬಿದ್ದ ಪ್ಲಾಸ್ಟಿಕ್ ತಟ್ಟೆಗಳನ್ನು ನೆನಪಿಗೆಂದು ಎತ್ತಿಡಬೇಡಿ. ಬೇಕಿದ್ದರೆ ಕೊರಳಪಟ್ಟಿಯ ಬಿಲ್ಲೆಯೊಂದು ಸಾಕು, ಅದನ್ನೂ ಬ್ಲೀಚಿನಲ್ಲಿ ಅದ್ದಿ ತೊಳೆದು.

ಮಣ್ಣಿನ ಅಂಗಳಕ್ಕೆ ಬ್ಲೀಚ್ ಸುರಿದು ಪ್ರಯೋಜನವಿಲ್ಲ. ಅಂಥ ಮನೆಗೆ ಒಂದು ವರ್ಷದವರೆಗೆ ಎಳೆಮರಿ ಬೇಡ. ‘ಒಂದು ಇಂಜೆಕ್ಷನ್ ಆಗಿದೆ’ ಎಂಬ ಭರವಸೆ ಇಲ್ಲಿ ನಡೆಯುವುದಿಲ್ಲ. ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ವಾರಗಳಲ್ಲಿ ಲಸಿಕೆಯನ್ನೇ ತಟಸ್ಥಗೊಳಿಸುತ್ತವೆ. ಆದ್ದರಿಂದಲೇ 6–8 ವಾರಕ್ಕೆ ಆರಂಭಿಸಿ, 3–4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೂ ಡೋಸ್ ಕೊಡುವುದು. ಕಾಯಲಾಗದವರು ಲಸಿಕೆ ಪೂರ್ಣಗೊಂಡ ದೊಡ್ಡ ನಾಯಿಯನ್ನು ದತ್ತು ಪಡೆಯಬಹುದು.

ಉಣ್ಣಿಜ್ವರದಿಂದ ಹೋಗಿದ್ದರೆ ನೆಲವಲ್ಲ, ಗೋಡೆ ನೋಡಿ. ರಕ್ತ ಕುಡಿದ ಉಣ್ಣಿ ಮೇಲಕ್ಕೆ ಹತ್ತಿ ಬಾಗಿಲ ಚೌಕಟ್ಟಿನ ಹಿಂದೆ, ಗೂಡಿನ ಸೂರಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ರಕ್ತ ಸಿಗದ ಉಣ್ಣಿಗಳೂ ತಿಂಗಳುಗಟ್ಟಲೆ ಬದುಕುತ್ತವೆ. ನಾಯಿಯಿಲ್ಲದ ಮನೆಯಲ್ಲಿ ಉಣ್ಣಿಯೂ ಇರದು ಎಂಬ ಲೆಕ್ಕ ತಪ್ಪು. ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿಸಿ, ಹೊಸ ನಾಯಿಗೆ ಮೊದಲ ದಿನವೇ ಉಣ್ಣಿ ನಿವಾರಕ ಕೊಡಿಸಬೇಕು. ನಾಯಿಗಳಿಗೆ ಜ್ವರ, ಕೆಮ್ಮು, ಸೆಳವು ತರುವ ಡಿಸ್ಟೆಂಪರ್ ವೈರಾಣು ಹೊರಗೆ ಬಹಳ ದಿನ ಬಾಳದು, ಆದರೆ ಬದುಕುಳಿದ ಜತೆಗಾರ ನಾಯಿ ಅದನ್ನು ತಿಂಗಳುಗಟ್ಟಲೆ ಹೊರಹಾಕುತ್ತಿರಬಹುದು.

ನಾಯಿಯ ಸ್ವಭಾವ ಏಕಾಏಕಿ ಬದಲಾಗಿ, ಜೊಲ್ಲು ಸುರಿಸುತ್ತಾ, ದವಡೆ ಜೋತುಬಿದ್ದು ಕೆಲವೇ ದಿನಗಳಲ್ಲಿ ಸತ್ತಿದ್ದರೆ ಅದು ರೇಬಿಸ್ (ಹುಚ್ಚುನಾಯಿ ರೋಗ) ಇರಬಹುದು, ಹೊಸ ಮರಿಯ ಮಾತು ಆಮೇಲೆ. ಕಚ್ಚಿಸಿಕೊಂಡವರು, ಗಾಯಕ್ಕೋ ಬಾಯಿಗೋ ಜೊಲ್ಲು ತಗುಲಿದವರು ಆ ಜಾಗವನ್ನು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು (ಗಾಯವಾದರೆ ಸೋಪು ಹಚ್ಚಿ) ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೂಳುವ ಮೊದಲು ಪಶುವೈದ್ಯರಿಗೆ ತಿಳಿಸಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೇಬಿಸ್ ಪತ್ತೆ ಪ್ರಯೋಗಾಲಯವಿದೆ. ತೆಂಗಿನ ಬುಡದಲ್ಲಿ ಹೂಳುವ ರೂಢಿ ಒಳ್ಳೆಯದೇ, ಆದರೆ ಬಾವಿಯಿಂದ ದೂರ, ಕನಿಷ್ಠ ನಾಲ್ಕಡಿ ಆಳ. ದಯಾಮರಣದ ಚುಚ್ಚುಮದ್ದು ಕೊಟ್ಟ ದೇಹವನ್ನು ಬೇರೆ ಪ್ರಾಣಿ ಕೆದಕಿ ತಿಂದರೆ ಅದಕ್ಕೂ ಆಪತ್ತು.

ವಯಸ್ಸಾಗಿ, ಕಿಡ್ನಿ ಸೋತು ಹೋದದ್ದಾದರೆ ಮನೆಗೆ ಕಾಯುವ ಅವಧಿಯಿಲ್ಲ. ಕಾಯಬೇಕಾದದ್ದು ಮನೆಯವರು. ಚಿಕ್ಕ ಮಕ್ಕಳಿಗೆ ‘ಮಲಗಿದೆ’, ‘ಊರಿಗೆ ಹೋಗಿದೆ’ ಎನ್ನದೆ ‘ಸತ್ತಿದೆ, ಇನ್ನು ಬರುವುದಿಲ್ಲ’ ಎಂದೇ ಹೇಳಿ; ಮಲಗಿದೆ ಎಂದರೆ ರಾತ್ರಿ ಮಲಗಲು ತಾವೇ ಹೆದರುತ್ತಾರೆ. ಉಳಿದ ನಾಯಿ ಊಟ ಬಿಟ್ಟರೆ ದುಃಖವೆಂದು ಸುಮ್ಮನಿರಬೇಡಿ, ಎರಡನೇ ದಿನಕ್ಕೆ ಪರೀಕ್ಷೆ ಮಾಡಿಸಿ. ಅದೇ ಕಾಯಿಲೆ ಇರಬಹುದು. ಹೊಸ ಮರಿಗೆ ಹಳೆಯ ಹೆಸರಿಡುವುದು ಮರಿಗೆ ಮಾಡುವ ಅನ್ಯಾಯ.

ಮಾರಾಟಗಾರರ ಬಗ್ಗೆಯೂ ಒಂದು ಮಾತು. 2017ರ ಕೇಂದ್ರ ನಿಯಮಗಳ ಪ್ರಕಾರ 8 ವಾರ ತುಂಬದ ಮರಿ ಮಾರುವಂತಿಲ್ಲ. ಆದರೂ ತಿಂಗಳ ಮರಿಗಳು ರಟ್ಟಿನ ಪೆಟ್ಟಿಗೆಯಲ್ಲಿ ಮನೆ ಸೇರುತ್ತಿವೆ, ಅದೂ ಹೆಚ್ಚಾಗಿ ದುಃಖದಲ್ಲಿರುವವರ ಮನೆಗೆ.

ಪಶುಪಾಲನಾ ಇಲಾಖೆ ಒಂದು ಸಣ್ಣ ಕೆಲಸ ಮಾಡಲಿ. ನಾಯಿ ಸತ್ತಾಗ ಅದರ ಲಸಿಕೆ ಪುಸ್ತಕದ ಕೊನೆಯ ಪುಟದಲ್ಲಿ ಸಾವಿನ ಕಾರಣ, ಮನೆ ಶುಚಿ ಮಾಡುವ ಕ್ರಮ, ಮರಿ ತರಬಹುದಾದ ತಿಂಗಳು, ಈ ಮೂರನ್ನೂ ವೈದ್ಯರು ಬರೆದುಕೊಡುವುದನ್ನು ಕಡ್ಡಾಯ ಮಾಡಲಿ.

– ಪಶುವೈದ್ಯ ಓದುಗರು, ಶಿವಮೊಗ್ಗ