ಟ್ಯಾಕ್ಸಿ ವಿಮೆ ನವೀಕರಣ: ಸದಸ್ಯರಿಗೆ ಸೂಚನೆ

ಮುಂಬಯಿಯ ಕನ್ನಡಿಗ ಟ್ಯಾಕ್ಸಿ ಚಾಲಕ ಬಂಧುಗಳಿಗೆ ನಮಸ್ಕಾರ. ಕಂತು ದುಬಾರಿಯಾಯಿತೆಂದು ವಿಮೆಯ ನವೀಕರಣವನ್ನು ಮುಂದೂಡುತ್ತಿರುವವರು ಗಮನಿಸಬೇಕು: ನಮ್ಮ ವಾಹನದಿಂದ ಬೇರೆಯವರಿಗಾಗುವ ಹಾನಿಯನ್ನು ಭರಿಸುವ ಥರ್ಡ್ ಪಾರ್ಟಿ ವಿಮೆಯ ದರವನ್ನು ಸರ್ಕಾರವೇ ನಿಗದಿಪಡಿಸುವುದರಿಂದ ಅಲ್ಲಿ ಚೌಕಾಸಿಗೆ ಎಡೆಯಿಲ್ಲ, ಆದರೆ ನಮ್ಮ ವಾಹನದ ಹಾನಿಗೆ ಸಂಬಂಧಿಸಿದ ಭಾಗದ ದರ ಕಂಪನಿಯಿಂದ ಕಂಪನಿಗೆ ಬದಲಾಗುವ ಕಾರಣ, ಏಜೆಂಟರು ಹೇಳಿದ ಮೊತ್ತಕ್ಕೆ ತಲೆಯಾಡಿಸುವ ಮೊದಲು ಮೂರು ಕಡೆಯಾದರೂ ವಿಚಾರಿಸುವುದು ಲೇಸು. ಕ್ಲೇಮ್ ಮಾಡದ (ವಿಮಾ ಪರಿಹಾರ ಕೇಳದ) ವರ್ಷಗಳಿಗೆ ಕಂತಿನಲ್ಲಿ ಶೇ. 20ರಿಂದ 50ರವರೆಗೆ ದೊರೆಯುವ ರಿಯಾಯಿತಿಯಾದ ನೋ ಕ್ಲೇಮ್ ಬೋನಸ್ ಈ ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ, ಮತ್ತು ಪಾಲಿಸಿ ಮುಗಿದು 90 ದಿನ ಕಳೆದರೆ ಪೂರ್ತಿ ಕೈತಪ್ಪುತ್ತದೆ. (ಬಂಪರಿನ ಗೀರಿಗೆ ಕ್ಲೇಮ್ ಹಾಕಿ ಬೋನಸ್ ಕಳೆದುಕೊಂಡವರಲ್ಲಿ ನಾನೂ ಒಬ್ಬ.) ಹಣ ಉಳಿಸಲು ಖಾಸಗಿ ಕಾರಿನ ಪಾಲಿಸಿ ಮಾಡಿಸುವ ಸಲಹೆಯನ್ನು ಯಾರೂ ಒಪ್ಪಬಾರದು. ವಿಮೆಯಿಲ್ಲದೆ ಓಡಿಸಿದರೆ ಮೊದಲ ಬಾರಿಗೇ 2,000 ರೂಪಾಯಿ ದಂಡ, ಇಲ್ಲವೇ 3 ತಿಂಗಳವರೆಗೆ ಸೆರೆ, ಅಥವಾ ಎರಡೂ.