ಆಫ್‌ರೋಡ್ ವಾಹನ ಸ್ಪರ್ಧೆಗಳಲ್ಲಿ ಪ್ರೇಕ್ಷಕರ ಸುರಕ್ಷತೆ ಹಾಗೂ ವಿಮೆಯ ಕುರಿತು ಮನವಿ

ಗೆ,
ಮಾನ್ಯ ಸಹಾಯಕ ಆಯುಕ್ತರು,
ಶಿರಸಿ ಉಪವಿಭಾಗ, ಶಿರಸಿ.

ಮಾನ್ಯರೇ,

ಬನವಾಸಿ ರಸ್ತೆಯ ಆಸುಪಾಸಿನ ನಿವಾಸಿಗಳಾದ ನಾವು ವಿನಂತಿಸಿಕೊಳ್ಳುವುದೇನೆಂದರೆ, ಕೊಯ್ಲು ಮುಗಿದ ಗದ್ದೆಗಳಲ್ಲಿ ಏರ್ಪಡಿಸುವ ಜೀಪು ಮತ್ತು ಬೈಕುಗಳ ಆಫ್‌ರೋಡ್ ಸ್ಪರ್ಧೆಗಳಿಗೆ, ಪ್ರೇಕ್ಷಕರನ್ನೂ ಒಳಗೊಂಡ ವಿಮಾ ಪಾಲಿಸಿಯನ್ನು ಸಂಘಟಕರು ಮುಂಚಿತವಾಗಿ ಹಾಜರುಪಡಿಸದ ಹೊರತು ಅನುಮತಿ ನೀಡಬಾರದು. ಸ್ಪರ್ಧೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ಓಡಿಸುವವರಲ್ಲಿ ನಮ್ಮೂರಿನ ಹುಡುಗರೂ ಇದ್ದಾರೆ.

ಕಳೆದ ಸ್ಪರ್ಧೆಯಲ್ಲಿ ಜನರಿಗೂ ವಾಹನಗಳಿಗೂ ನಡುವೆ ಇದ್ದದ್ದು ಅಡಕೆ ದಬ್ಬೆಗಳಿಗೆ ಕಟ್ಟಿದ ಒಂದು ಪ್ಲಾಸ್ಟಿಕ್ ಹಗ್ಗ ಮಾತ್ರ. ಜೀಪು ಮಣ್ಣಿನ ದಿಬ್ಬ ಹಾರಿ ತಿರುಗುವ ಜಾಗದ ಹೊರಮಗ್ಗುಲಲ್ಲೇ, ಅಂದರೆ ಹಿಡಿತ ತಪ್ಪಿದರೆ ವಾಹನ ನೇರವಾಗಿ ನುಗ್ಗುವ ಕಡೆಯಲ್ಲೇ, ಮಕ್ಕಳು ಗದ್ದೆಯ ಬದುವಿನ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದರು. ಅವರನ್ನು ಎಬ್ಬಿಸುವವರು ಯಾರೂ ಇರಲಿಲ್ಲ. ಅಪಘಾತವಾದರೆ ಸಂಘಟಕರು ಹೊಣೆಯಲ್ಲ ಎಂಬ ಸಾಲು ಮಾತ್ರ ಟಿಕೆಟ್ಟಿನ ಹಿಂಬದಿಯಲ್ಲಿ ತಪ್ಪದೆ ಅಚ್ಚಾಗಿತ್ತು.

ವಾಹನಕ್ಕೆ ಹೇಗೂ ವಿಮೆ ಇದೆಯಲ್ಲ ಎಂಬ ಸಮಾಧಾನ ಇಲ್ಲಿ ಸಲ್ಲದು. ಸಂಘಟಿತ ರೇಸಿಂಗ್ ಮತ್ತು ವೇಗ ಪರೀಕ್ಷೆಗೆ ವಾಹನ ಬಳಸಬಾರದೆಂಬ ಷರತ್ತು ಪಾಲಿಸಿಯಲ್ಲಿದ್ದು ಅದನ್ನು ಮೀರಿದ್ದರೆ, ಪರಿಹಾರದ ಹೊಣೆಯಿಂದ ತಪ್ಪಿಸಿಕೊಳ್ಳುವ ವಾದ ಮಂಡಿಸಲು ವಿಮಾ ಕಂಪನಿಗೆ 1988ರ ಮೋಟಾರು ವಾಹನ ಕಾಯ್ದೆಯೇ ಅವಕಾಶ ಕೊಟ್ಟಿದೆ. ಸಾರ್ವಜನಿಕ ಸ್ಥಳದಲ್ಲಿ ಸ್ಪರ್ಧೆ ನಡೆಸಲು ರಾಜ್ಯ ಸರ್ಕಾರದ ಲಿಖಿತ ಸಮ್ಮತಿ ಬೇಕೆಂದು ಅದೇ ಕಾಯ್ದೆಯ 189ನೇ ಕಲಂ ಹೇಳುತ್ತದೆ; ಗದ್ದೆ ಖಾಸಗಿ ಎಂದುಬಿಟ್ಟರೆ ಆ ಕಲಮೂ ಅನ್ವಯಿಸುವುದಿಲ್ಲವೆಂಬ ವಾದ ಹುಟ್ಟಿಕೊಳ್ಳುತ್ತದೆ. ಕೊನೆಗೆ ಗಾಯಗೊಂಡವನ ಮನೆಯವರು ಕೋರ್ಟು ಅಲೆಯಬೇಕಾಗುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಲೂಸರ್ನ್ ವ್ಯಾಲಿ ಸಮೀಪದ ಮರುಭೂಮಿಯಲ್ಲಿ 2010ರ ಆಗಸ್ಟ್ 14ರಂದು ಸ್ಪರ್ಧೆಯ ಟ್ರಕ್ಕೊಂದು ದಿಬ್ಬ ಹಾರಿ ಜನರ ಮೇಲೆ ಉರುಳಿ 8 ಮಂದಿ ಸತ್ತರು. ಅಲ್ಲಿ ತಡೆಬೇಲಿ ಇರಲಿಲ್ಲ, ಜನ ದಾರಿಗೆ ಅಂಟಿಕೊಂಡೇ ನಿಂತಿದ್ದರು. ಸ್ಪರ್ಧೆಗೆ ಅನುಮತಿ ನೀಡಿದ್ದ ಅಲ್ಲಿನ ಸರ್ಕಾರಿ ಭೂ ನಿರ್ವಹಣಾ ಸಂಸ್ಥೆ ತನ್ನದೇ ನಿಯಮಗಳನ್ನು ಪಾಲಿಸಿರಲಿಲ್ಲವೆಂಬುದು ಅದರ ಪರಿಶೀಲನೆಯಲ್ಲೇ ಹೊರಬಿತ್ತು. ಆದ್ದರಿಂದಲೇ ನಾವು ಸಂಘಟಕರ ಬಳಿಗಲ್ಲದೆ, ಅನುಮತಿ ನೀಡುವ ತಮ್ಮ ಬಳಿಗೆ ಬಂದಿದ್ದೇವೆ. ಅಪಘಾತವಾದರೆ ದೊಡ್ಡ ಚಿಕಿತ್ಸೆಯೂ ಇಲ್ಲಿ ಹತ್ತಿರದಲ್ಲಿಲ್ಲ; ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ 2022ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಜನ ದನಿ ಎತ್ತಿದ್ದು ತಮಗೆ ತಿಳಿದೇ ಇದೆ. ತಲೆಗೆ ಪೆಟ್ಟು ಬಿದ್ದವರನ್ನು ಹುಬ್ಬಳ್ಳಿಗೋ ಮಣಿಪಾಲಕ್ಕೋ ಸಾಗಿಸುವುದು ಇಲ್ಲಿ ಮಾಮೂಲು.

ಕಾರಣ, ಅನುಮತಿಗೆ ಮುನ್ನ ಪೊಲೀಸ್ ಮತ್ತು ಕಂದಾಯ ಅಧಿಕಾರಿಗಳು ಜಾಗವನ್ನು ಖುದ್ದಾಗಿ ನೋಡಿ ಪ್ರೇಕ್ಷಕರು ನಿಲ್ಲುವ ಗೆರೆಯನ್ನು ಗುರುತಿಸಬೇಕು, ತಿರುವಿನ ಹೊರಮಗ್ಗುಲನ್ನು ಸಂಪೂರ್ಣ ಖಾಲಿ ಬಿಡಿಸಬೇಕು, ಆಂಬುಲೆನ್ಸ್ ಸ್ಥಳದಿಂದ ಹೊರಟ ಕ್ಷಣ ಸ್ಪರ್ಧೆ ನಿಲ್ಲಬೇಕೆಂಬ ಷರತ್ತು ಹಾಕಬೇಕು. ಪಾಲಿಸಿಯಲ್ಲಿ ಸ್ಪರ್ಧೆಯ ದಿನ, ಸ್ಥಳ ಮತ್ತು ಪ್ರೇಕ್ಷಕರಿಗೆ ಸಿಗುವ ಪರಿಹಾರದ ಮೊತ್ತ ಸ್ಪಷ್ಟವಾಗಿರಬೇಕು. ಅದರ ಪ್ರತಿಯನ್ನು ಅನುಮತಿ ಪತ್ರದೊಂದಿಗೆ ಗ್ರಾಮ ಪಂಚಾಯಿತಿಯ ಸೂಚನಾ ಫಲಕಕ್ಕೆ ಹಚ್ಚಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಬನವಾಸಿ ರಸ್ತೆಯ ನಿವಾಸಿಗಳು, ಶಿರಸಿ